ಅರ್ಥವಾಗದ ಹಾಡಿಗೂ ಆಯ್ಕೆ, ಸಂದರ್ಭ, ಸ್ವಾರಸ್ಯ ಬೇಕು

"ನಮಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ಹಾಡು ಅರ್ಥ ಆಗಲಿಲ್ಲ" ಎಂದು ಇಯರ್‌ಫೋನ್ ಕಿತ್ತಿಡುವ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಮೊದಲು ಒಂದು ಸಮಾಧಾನದ ಮಾತು: ಇಂಗ್ಲಿಷರಿಗೇ ಅರ್ಥವಾಗದ ಇಂಗ್ಲಿಷ್ ಹಾಡುಗಳಿವೆ. ಯಾರಿಗೂ ಸುಲಭಕ್ಕೆ ಅರ್ಥವಾಗಬಾರದು ಎಂದೇ ಬರೆದವೂ ಇವೆ. ಅಂಥವುಗಳಲ್ಲಿ ಬಹಳ ಹೆಸರಾದದ್ದು ಬೀಟಲ್ಸ್ ತಂಡದ 'ಐ ಆ್ಯಮ್ ದ ವಾಲ್ರಸ್'.

ಇದು 1967ರ ನವೆಂಬರ್‌ನಲ್ಲಿ ಹೊರಬಂದ ಹಾಡು. ಬರೆದು ಹಾಡಿದವನು ಜಾನ್ ಲೆನನ್. ಇಂದಿಗೂ ಇದರ 'ನಿಜವಾದ ಅರ್ಥ' ಹೇಳುತ್ತೇವೆ ಎನ್ನುವ ವಿಡಿಯೊಗಳಿಗೆ ಬರವಿಲ್ಲ. ಬರೆದವನೇ ತಮಾಷೆಗೆ ಕಟ್ಟಿದ ಗಂಟನ್ನು ಜಗತ್ತು ಇನ್ನೂ ಬಿಚ್ಚುತ್ತಾ ಕೂತಿದೆ.

ಈ ಹಾಡನ್ನು ಹಿಡಿದು ನಾವು ಹೇಳಬೇಕೆಂದಿರುವುದು ಇಷ್ಟು. ಹಾಡಿಗೆ ಅರ್ಥ ಹಚ್ಚುವ ಹಕ್ಕು ಎಲ್ಲರಿಗೂ ಇದೆ. ಅದಕ್ಕೆ ಮೇಷ್ಟ್ರ ಅಪ್ಪಣೆ ಬೇಡ, ಕವಿಯ ಅಪ್ಪಣೆಯೂ ಬೇಡ. ಆದರೆ ಹಚ್ಚಿದ ಅರ್ಥಕ್ಕೆ ಲೆಕ್ಕ ಕೊಡುವ ಹೊಣೆ ಹಚ್ಚಿದವರದ್ದು. ಆ ಹೊಣೆ ಮರೆತರೆ ಏನಾಗುತ್ತದೆ ಎಂಬುದಕ್ಕೂ ಇದೇ ಬೀಟಲ್ಸ್ ಹಾಡುಗಳ ಚರಿತ್ರೆಯಲ್ಲಿ ಸಾಕ್ಷಿ ಇದೆ.

ಮೇಷ್ಟ್ರಿಗೆ ಹಾಕಿದ ಒಗಟು

ಲೆನನ್ ಓದಿದ್ದು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಕ್ವಾರಿ ಬ್ಯಾಂಕ್ ಹೈಸ್ಕೂಲಿನಲ್ಲಿ. ಅಲ್ಲಿ ಅವನು ಒಳ್ಳೆಯ ವಿದ್ಯಾರ್ಥಿ ಎನಿಸಿಕೊಂಡವನಲ್ಲ. 1967ರ ಹೊತ್ತಿಗೆ ಅವನ ಹೆಸರು ಜಗತ್ತಿಗೆಲ್ಲ ಗೊತ್ತಾಗಿತ್ತು. ಆಗ ಅದೇ ಶಾಲೆಯ ಒಬ್ಬ ವಿದ್ಯಾರ್ಥಿಯಿಂದ ಅವನಿಗೆ ಪತ್ರ ಬಂತು. ನಮ್ಮ ಮೇಷ್ಟ್ರು ಪಾಠದಲ್ಲಿ ಬೀಟಲ್ಸ್ ಹಾಡುಗಳಿಗೆ ಭಾವಾರ್ಥ ಹೇಳಿಸುತ್ತಿದ್ದಾರೆ ಎಂಬುದು ಪತ್ರದ ಸಾರ.

ತನ್ನನ್ನು ದಡ್ಡ ಎಂದಿದ್ದ ಶಾಲೆಯೇ ಈಗ ತನ್ನ ಹಾಡಿಗೆ ಟಿಪ್ಪಣಿ ಬರೆಸುತ್ತಿದೆ! ಲೆನನ್‌ಗೆ ನಗು ಬಂತು. ಆಗ ಜೊತೆಗಿದ್ದವನು ಬಾಲ್ಯದ ಗೆಳೆಯ ಪೀಟ್ ಶಾಟನ್. ಶಾಲೆಯ ಅಂಗಳದಲ್ಲಿ ಹುಡುಗರು ಹೇಳುತ್ತಿದ್ದ ಒಂದು ಅಸಹ್ಯದ ಪ್ರಾಸವನ್ನು ನೆನಪಿಸಲು ಲೆನನ್ ಅವನನ್ನು ಕೇಳಿದ. ಹಳದಿ ಕಸ್ಟರ್ಡ್, ಸತ್ತ ನಾಯಿಯ ಕಣ್ಣು ಇವೆಲ್ಲ ಬರುವ ಪ್ರಾಸ ಅದು. ಅದನ್ನೂ ಹಾಡಿನೊಳಗೆ ಸೇರಿಸಿದ. ಪಂಡಿತರು ಇದಕ್ಕೆ ಅದೇನು ಅರ್ಥ ಹೇಳುತ್ತಾರೋ ನೋಡೋಣ ಎಂಬ ತುಂಟತನದಲ್ಲಿ ಹಾಡು ಬೆಳೆಯಿತು. ಶಾಟನ್ ಮುಂದೆ ತನ್ನ ನೆನಪುಗಳ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ.

ಹಾಗಂತ ಇಡೀ ಹಾಡು ಬರೀ ಕುಚೋದ್ಯ ಅಲ್ಲ. ಅದರ ರಾಗದ ಒಂದು ತುಂಡು ಹುಟ್ಟಿದ್ದು ಮನೆಯಲ್ಲಿ ಕೂತಿದ್ದಾಗ ದೂರದಿಂದ ಕೇಳಿದ ಪೊಲೀಸ್ ಸೈರನ್‌ನಿಂದ. ಮೇಲೆ ಕೆಳಗೆ ಹೋಗುವ ಆ ಎರಡು ಸ್ವರದ ಲಯವನ್ನೇ ಅವನು ಹಿಡಿದುಕೊಂಡ. ಪೂರ್ತಿಯಾಗದೆ ಉಳಿದಿದ್ದ ಬೇರೆ ತುಂಡುಗಳನ್ನೂ ಅದಕ್ಕೆ ಹೊಲಿದ. ಕೆಲವು ಸಾಲುಗಳನ್ನು ಎಲ್‌ಎಸ್‌ಡಿ ಎಂಬ ಮಾದಕದ ಅಮಲಿನಲ್ಲಿ ಬರೆದೆ ಎಂದು ಮುಂದೆ ಅವನೇ ಹೇಳಿದ. ಹೀಗಾಗಿ ಹಾಡು ಕೌದಿಯಂತಿದೆ. ಒಂದೊಂದು ತುಂಡೂ ಒಂದೊಂದು ಹಳೇ ಬಟ್ಟೆಯದು.

ಕೊನೆಗೆ ಹಾಡಿನಲ್ಲಿ ರೇಡಿಯೊ ನಾಟಕದ ಮಾತುಗಳು ಕೇಳುತ್ತವೆ. ಅದು ಶೇಕ್ಸ್‌ಪಿಯರ್‌ನ 'ಕಿಂಗ್ ಲಿಯರ್'. 1967ರ ಸೆಪ್ಟೆಂಬರ್ 29ರಂದು ಸ್ಟುಡಿಯೊದಲ್ಲಿ ಹಾಡಿನ ಧ್ವನಿಗಳನ್ನೆಲ್ಲ ಕೂಡಿಸುತ್ತಿದ್ದಾಗ ರೇಡಿಯೊ ಹಚ್ಚಿ ಮುಳ್ಳು ತಿರುಗಿಸಿದರು. ಬಿಬಿಸಿಯಲ್ಲಿ ಆ ಹೊತ್ತಿಗೆ ಪ್ರಸಾರವಾಗುತ್ತಿದ್ದ ನಾಟಕ ಹಾಗೇ ಹಾಡಿನೊಳಗೆ ಬಂದು ಕೂತಿತು. ಯಾರೂ ಆ ದೃಶ್ಯವನ್ನು ಹುಡುಕಿ ತಂದಿರಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೆಡಗು ಬೇರೆ, ಇದು ಬೇರೆ

ಕನ್ನಡದ ಕಿವಿಗೆ ಇಂಥ ಹಾಡು ಪೂರ್ತಿ ಹೊಸದಲ್ಲ. ನಮ್ಮಲ್ಲಿ ಅಲ್ಲಮನ ಬೆಡಗಿನ ವಚನಗಳಿವೆ. ಕೋಡಗನನ್ನು ನುಂಗುವ ಕೋಳಿಯ ಕಥೆ ಹೇಳುವ ಶಿಶುನಾಳ ಷರೀಫರ ತತ್ವಪದ ಭಜನೆಯಲ್ಲಿ ಕೇಳದವರು ಕಡಿಮೆ. ಹಾಗಾಗಿ "ಲೆನನ್ ಬರೆದದ್ದೂ ಬೆಡಗೇ" ಎಂದುಬಿಡುವುದು ಸುಲಭ. ನಾವು ಹಾಗೆ ಹೇಳುವುದಿಲ್ಲ.

ಬೆಡಗಿಗೆ ಬೀಗ ಇದೆ, ಬೀಗದ ಕೈಯೂ ಇದೆ. ಗುರು, ದೇಹ, ಮನಸ್ಸು, ಮಾಯೆ ಎಂಬ ತಿಳಿವಳಿಕೆಯ ಒಂದು ಮನೆಯೊಳಗೆ ಆ ಪದ ನಿಂತಿರುತ್ತದೆ. ಆ ಮನೆ ಗೊತ್ತಿದ್ದವರು ಬೀಗ ತೆಗೆಯುತ್ತಾರೆ. ಬೆಡಗಿನ ವಚನಗಳಿಗೆ ಟೀಕೆ ಬರೆದವರ ಪರಂಪರೆಯೇ ನಮ್ಮಲ್ಲಿದೆ. ಭಜನೆ ಮುಗಿದ ಮೇಲೆ ಹಿರಿಯರೊಬ್ಬರು ಕೂತು "ಕೋಳಿ ಅಂದ್ರೆ ಇಲ್ಲಿ ಕೋಳಿ ಅಲ್ಲಪ್ಪಾ" ಎಂದು ಬಿಡಿಸಿ ಹೇಳುವುದೂ ಅದೇ ಪರಂಪರೆಯ ಮುಂದುವರಿಕೆ.

ಲೆನನ್ ಮಾಡಿದ್ದು ಬೀಗದ ಕೈ ಇಲ್ಲದ ಬೀಗ. ಎಲ್ಲ ಬಾಗಿಲಿಗೂ ಒಳಗೊಂದು ಕೋಣೆ ಇರಲೇಬೇಕು ಎಂದು ನಂಬಿ ಬಂದವರನ್ನು ಹೊರಗೇ ನಿಲ್ಲಿಸಿ ನಗುವ ಬೀಗ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಎರಡಕ್ಕೂ ಅನ್ಯಾಯ.

ಕವಿಯೇ ತಪ್ಪಿದ ಅರ್ಥ

ಹಾಗಾದರೆ ಬರೆದವನನ್ನೇ ಕೇಳಿದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ.

ವಾಲ್ರಸ್ ಎಂದರೆ ಉತ್ತರದ ಹಿಮದ ಕಡಲಿನಲ್ಲಿರುವ ಭಾರೀ ಗಾತ್ರದ ಪ್ರಾಣಿ. ದಪ್ಪ ಮೀಸೆ, ಉದ್ದನೆಯ ಎರಡು ಕೋರೆಹಲ್ಲು. ಲೆನನ್ ಅದನ್ನು ತಂದದ್ದು ಕಡಲಿನಿಂದಲ್ಲ, ಪುಸ್ತಕದಿಂದ. ಲೂಯಿಸ್ ಕ್ಯಾರಲ್ ಬರೆದು 1871ರ ಕೊನೆಯಲ್ಲಿ ಬಂದ 'ಥ್ರೂ ದ ಲುಕಿಂಗ್ ಗ್ಲಾಸ್' ಪುಸ್ತಕದಲ್ಲಿ ಒಂದು ಕಥನ ಪದ್ಯ ಇದೆ. ವಾಲ್ರಸ್ ಮತ್ತು ಬಡಗಿ ಸೇರಿ ಸಿಂಪಿಗಳನ್ನು ಸವಿಮಾತಿನಿಂದ ವಾಯುವಿಹಾರಕ್ಕೆ ಕರೆದೊಯ್ಯುತ್ತಾರೆ. ದೂರ ಕರೆದೊಯ್ದು ಎಲ್ಲವನ್ನೂ ತಿಂದು ಮುಗಿಸುತ್ತಾರೆ. ತಿನ್ನುವಾಗ ವಾಲ್ರಸ್ ಕಣ್ಣೀರು ಹಾಕುತ್ತದೆ.

ಲೆನನ್‌ಗೆ ಆ ಪದ್ಯ ಚೆಂದ ಅನಿಸಿತ್ತು. ಅದರ ಅರ್ಥದ ಗೋಜಿಗೆ ಅವನು ಹೋಗಿರಲಿಲ್ಲ. ಎಷ್ಟೋ ವರ್ಷದ ಮೇಲೆ ಮತ್ತೆ ಓದಿ, ಅರೆ, ವಾಲ್ರಸ್ ಈ ಕಥೆಯ ಖಳ, ಬಡಗಿಯೇ ಒಳ್ಳೆಯವನು, ನಾನು ತಪ್ಪು ಪಾತ್ರ ಆರಿಸಿಕೊಂಡೆ ಎಂದು 1980ರ ಒಂದು ಸಂದರ್ಶನದಲ್ಲಿ ಹೇಳಿದ.

ಕ್ಯಾರಲ್‌ನ ಪುಸ್ತಕ ಬಿಚ್ಚಿದರೆ ಈ ಎರಡನೇ ಓದೂ ಪೂರ್ತಿ ಸರಿಯಲ್ಲ. ಪದ್ಯ ಕೇಳಿದ ಹುಡುಗಿ ಆಲಿಸ್, ಪಾಪ ಅತ್ತಿತಲ್ಲ ಎಂದು ಮೊದಲು ವಾಲ್ರಸ್‌ನ ಪರ ನಿಲ್ಲುತ್ತಾಳೆ. ಅದು ಕರ್ಚೀಫಿನ ಮರೆಯಲ್ಲಿ ಬಡಗಿಗಿಂತ ಜಾಸ್ತಿ ತಿಂದಿತು ಎಂದು ಗೊತ್ತಾದಾಗ ಬಡಗಿಯ ಪರ ವಾಲುತ್ತಾಳೆ. ಅವನೂ ಕೈಗೆ ಸಿಕ್ಕಷ್ಟು ತಿಂದ ಎಂದಾಗ ಇಬ್ಬರೂ ಕೆಟ್ಟವರೇ ಎಂಬ ತೀರ್ಮಾನಕ್ಕೆ ಬರುತ್ತಾಳೆ. ಒಂದೊಂದು ಸಂಗತಿ ಗೊತ್ತಾದಂತೆ ತನ್ನ ಅಭಿಪ್ರಾಯ ತಿದ್ದಿಕೊಂಡ ಆ ಹುಡುಗಿಯ ಓದು, ಜಗತ್ತಿಗೇ ಹೆಸರಾದ ಗಾಯಕನ ಓದಿಗಿಂತ ಗಟ್ಟಿ ಎಂದು ನಮಗನಿಸುತ್ತದೆ.

ಹಾಡಿನಲ್ಲಿ ವಾಲ್ರಸ್ ಜೊತೆ 'ಮೊಟ್ಟೆ ಮನುಷ್ಯ' ಕೂಡ ಬರುತ್ತಾನೆ. ಅದು ನಾನೇ ಎಂದು ಎರಿಕ್ ಬರ್ಡನ್ ಎಂಬ ಗಾಯಕ ಹೇಳಿಕೊಂಡಿದ್ದಾನೆ. ಅದೇ ಕ್ಯಾರಲ್ ಪುಸ್ತಕದ ಹಂಪ್ಟಿ ಡಂಪ್ಟಿ ಎಂಬ ಮೊಟ್ಟೆಯಾಕಾರದ ಪಾತ್ರ ಇರಬೇಕು ಎಂದವರೂ ಇದ್ದಾರೆ. ಎರಡನೆಯದು ನಿಜವಾಗಿದ್ದರೆ ಚೆಂದ. ಏಕೆಂದರೆ ನಾನು ಒಂದು ಪದ ಬಳಸಿದರೆ ಅದಕ್ಕೆ ನಾನು ಹೇಳಿದ್ದೇ ಅರ್ಥ ಎಂದು ಗೋಡೆಯ ಮೇಲೆ ಕೂತು ಜಂಭ ಕೊಚ್ಚುವವನು ಈ ಹಂಪ್ಟಿ ಡಂಪ್ಟಿ. ಆಲಿಸ್‌ಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ನಮಗೂ ಇಲ್ಲ.

ಕಿವಿಗೆ ಬೇಕಾದ್ದನ್ನೇ ಕೇಳಿದವರು

ಮೇಷ್ಟ್ರ ಅರ್ಥವೇ ಕೊನೆಯಲ್ಲ, ಕವಿಯ ಅರ್ಥವೇ ಕೊನೆಯಲ್ಲ ಎಂದ ಮೇಲೆ ಉಳಿದವರು ಕೇಳುಗರು. ಅಮೆರಿಕದಲ್ಲಿ ಅವರು ಏನು ಮಾಡಿದರು ನೋಡಿ.

1969ರಲ್ಲಿ ಅಲ್ಲಿ ಒಂದು ಸುದ್ದಿ ಹಬ್ಬಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಹಿಂದೆಯೇ ಸತ್ತಿದ್ದಾನೆ, ಅವನಂತೆ ಕಾಣುವ ಬೇರೊಬ್ಬನನ್ನು ತಂದು ನಿಲ್ಲಿಸಿದ್ದಾರೆ, ಸತ್ಯದ ಸುಳಿವುಗಳನ್ನು ಹಾಡುಗಳಲ್ಲಿ ಬಚ್ಚಿಟ್ಟಿದ್ದಾರೆ ಎಂದು. ಕಾಲೇಜು ಪತ್ರಿಕೆಗಳು, ರೇಡಿಯೊ ಕೇಂದ್ರಗಳು ಅದಕ್ಕೆ ಗಾಳಿ ಹಾಕಿದವು. ವಾಲ್ರಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಹೆಣ ಎಂದರು. ಸುಳ್ಳು. ಆ ಪದ ಗ್ರೀಕಿನದ್ದೇ ಅಲ್ಲ, ಡಚ್ ಕಡೆಯಿಂದ ಇಂಗ್ಲಿಷಿಗೆ ಬಂದದ್ದು. ಹಾಡಿನ ಕೊನೆಯಲ್ಲಿ ಸಾವಿನ ಮಾತು ಕೇಳುತ್ತದೆ, ಅದೇ ಸಾಕ್ಷಿ ಎಂದರು. ಅದು ಮೇಲೆ ಹೇಳಿದ ರೇಡಿಯೊ ನಾಟಕ. 'ಕಿಂಗ್ ಲಿಯರ್'ನಲ್ಲಿ ಒಂದು ಪಾತ್ರ ಸಾಯುವ ದೃಶ್ಯ. ಮುಳ್ಳು ತಿರುಗಿಸಿದಾಗ ಸಿಕ್ಕ ನಾಟಕವನ್ನು ಮರಣ ಪ್ರಮಾಣಪತ್ರ ಮಾಡಿಬಿಟ್ಟರು.

ಇದಕ್ಕೆ ಲೆನನ್‌ನ ಪಾಲೂ ಇತ್ತು. ಅರ್ಥ ಹುಡುಕುವವರನ್ನು ಇನ್ನಷ್ಟು ಕೆಣಕಲೆಂದು 1968ರ 'ಗ್ಲಾಸ್ ಆನಿಯನ್' ಹಾಡಿನಲ್ಲಿ ವಾಲ್ರಸ್ ಎಂದರೆ ಪಾಲ್ ಎಂದು ಸುಮ್ಮನೆ ಒಂದು ಮಾತು ಎಸೆದಿದ್ದ. ಹುಡುಕುವವರು ಅದನ್ನೂ ಎತ್ತಿಕೊಂಡರು. ಕೊನೆಗೆ ಮೆಕಾರ್ಟ್ನಿ ತನ್ನ ಹೆಂಡತಿ ಮಕ್ಕಳ ಜೊತೆ ಇರುವ ಚಿತ್ರ 1969ರ ನವೆಂಬರ್‌ನಲ್ಲಿ 'ಲೈಫ್' ಪತ್ರಿಕೆಯ ಮುಖಪುಟಕ್ಕೆ ಬಂತು. ಬದುಕಿರುವ ಮನುಷ್ಯ ತಾನು ಬದುಕಿದ್ದೇನೆ ಎಂದು ತೋರಿಸಿಕೊಳ್ಳಬೇಕಾಯಿತು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎರಡು ರಾತ್ರಿಗಳಲ್ಲಿ 7 ಜನರ ಕೊಲೆಯಾಯಿತು. ಸತ್ತವರಲ್ಲಿ ತುಂಬು ಗರ್ಭಿಣಿಯಾಗಿದ್ದ ನಟಿ ಶರಾನ್ ಟೇಟ್ ಕೂಡ ಇದ್ದಳು. ಕೊಂದವರು ಚಾರ್ಲ್ಸ್ ಮ್ಯಾನ್ಸನ್ ಎಂಬವನ ಹಿಂಬಾಲಕರು. ಮ್ಯಾನ್ಸನ್ ಬೀಟಲ್ಸ್ ತಂಡದ 1968ರ 'ವೈಟ್ ಆಲ್ಬಮ್' ಹಾಡುಗಳಲ್ಲಿ ತನಗಾಗಿಯೇ ಸಂದೇಶ ಇದೆ ಎಂದು ನಂಬಿದ್ದ, 'ಹೆಲ್ಟರ್ ಸ್ಕೆಲ್ಟರ್' ಹಾಡು ಕರಿಯರ ಮತ್ತು ಬಿಳಿಯರ ನಡುವೆ ಬರಲಿರುವ ಯುದ್ಧದ ಮುನ್ಸೂಚನೆ ಎಂದು ಹಿಂಬಾಲಕರಿಗೆ ಬೋಧಿಸಿದ್ದ ಎಂದು ಸರ್ಕಾರಿ ವಕೀಲರು ನ್ಯಾಯಾಲಯದಲ್ಲಿ ವಾದಿಸಿದರು. ಕೊಲೆ ನಡೆದ ಒಂದು ಮನೆಯ ಫ್ರಿಜ್ ಮೇಲೆ ಆ ಹೆಸರನ್ನು ರಕ್ತದಲ್ಲಿ ಬರೆದಿದ್ದರು, ಅದೂ ತಪ್ಪು ಕಾಗುಣಿತದಲ್ಲಿ. 1971ರಲ್ಲಿ ಮ್ಯಾನ್ಸನ್ ಮತ್ತು ಅವನ ಹಿಂಬಾಲಕರು ಅಪರಾಧಿಗಳೆಂದು ತೀರ್ಪು ಬಂತು.

ಬ್ರಿಟನ್ನಿನಲ್ಲಿ ಹೆಲ್ಟರ್ ಸ್ಕೆಲ್ಟರ್ ಎಂದರೆ ಏನು ಗೊತ್ತೇ? ಜಾತ್ರೆಯಲ್ಲಿ ಮಕ್ಕಳು ಗೋಪುರದ ಸುತ್ತ ಸುತ್ತಿಕೊಂಡು ಜಾರುವ ಜಾರುಬಂಡೆ. ಮಕ್ಕಳ ಆಟದ ಹೆಸರಿಗೆ ಯುದ್ಧದ ಅರ್ಥ ಹಚ್ಚಿದವನು ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವನಿಗೆ ಕೇಳುವುದು ಬೇಕಿರಲಿಲ್ಲ.

ಹತ್ತನೇ ತರಗತಿಯ ಮೂರು ಮಾತು

ಹಾಗಾದರೆ ಅರ್ಥ ಹಚ್ಚುವುದನ್ನೇ ಬಿಡಬೇಕೇ? ಬೇಡ. ದಾರಿ ನಮ್ಮ ಎಸ್ಸೆಸ್ಸೆಲ್ಸಿ ಕನ್ನಡ ಪ್ರಶ್ನೆಪತ್ರಿಕೆಯಲ್ಲೇ ಇದೆ. "ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ" ಎಂದು ಕೇಳುತ್ತಿದ್ದರಲ್ಲ? ಉತ್ತರದಲ್ಲಿ ಮೂರು ಭಾಗ: ಆಯ್ಕೆ, ಸಂದರ್ಭ, ಸ್ವಾರಸ್ಯ. ಗೈಡ್ ನೋಡಿ ಬಾಯಿಪಾಠ ಮಾಡಿದ್ದರಿಂದ ಅದರ ಬೆಲೆ ನಮಗೆ ಗೊತ್ತಾಗಲಿಲ್ಲ. ಈ ಮಾತು ಎಲ್ಲಿಂದ ಬಂತು, ಯಾರು ಯಾರಿಗೆ ಯಾವಾಗ ಹೇಳಿದರು, ಆಮೇಲೆ ಅದರ ಸೊಗಸೇನು. ಕ್ರಮ ಮುಖ್ಯ. ಸ್ವಾರಸ್ಯ ಮೂರನೆಯದು, ಮೊದಲನೆಯದಲ್ಲ.

ವಾಲ್ರಸ್ ಹಾಡಿಗೆ ಇದನ್ನು ಹಚ್ಚಿ ನೋಡೋಣ. ಆಯ್ಕೆ: ಕ್ಯಾರಲ್‌ನ ಮಕ್ಕಳ ಪುಸ್ತಕ, ಶಾಲೆಯಂಗಳದ ಪ್ರಾಸ, ಪೊಲೀಸ್ ಸೈರನ್. ಸಂದರ್ಭ: 1967. ತಂಡದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ ಆಗಸ್ಟ್ 27ರಂದು ತೀರಿಕೊಂಡಿದ್ದರು, ಹತ್ತು ದಿನ ಕಳೆಯುವ ಮೊದಲೇ ಈ ಹಾಡಿನ ಧ್ವನಿಮುದ್ರಣ ಶುರುವಾಯಿತು. ಆ ವರ್ಷ ಬಂದ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್‌ನ ಹೊದಿಕೆಯ ಮೇಲೆ ಹಾಡುಗಳ ಸಾಹಿತ್ಯವನ್ನೆಲ್ಲ ಮುದ್ರಿಸಿದ್ದರು. ಹೀಗಾಗಿ ಜನ ಹಾಡನ್ನು ಕೇಳುವುದರ ಜೊತೆಗೆ ಪದ್ಯದಂತೆ ಓದಲೂ ಶುರುಮಾಡಿದ್ದರು.

ಇನ್ನು ಸ್ವಾರಸ್ಯ. ಸಾಲು ಸಾಲಿಗೆ ಅರ್ಥ ಹುಡುಕಿದರೆ ಸಿಗುವುದಿಲ್ಲ. ಆದರೆ ಹಾಡು ಯಾರನ್ನು ನೋಡಿ ನಗುತ್ತಿದೆ ಎಂಬುದು ಸ್ಪಷ್ಟ. ಸಾಲಾಗಿ ನಿಂತ ಪೊಲೀಸರು ಬರುತ್ತಾರೆ. ಉಸಿರುಗಟ್ಟುವಂತೆ ಸಿಗರೇಟು ಸೇದುವ ಪರಿಣತರು ಬರುತ್ತಾರೆ. ಪುಸ್ತಕ ಪಂಡಿತರನ್ನು ಅಣಕಿಸಲು ಲೆನನ್ ಒಂದು ಹೊಸ ಪದವನ್ನೇ ಕಟ್ಟಿದ್ದಾನೆ. ಕೃಷ್ಣನಾಮ ಹಾಡುವ ಪೆಂಗ್ವಿನ್ ಬರುತ್ತದೆ. ಒಬ್ಬನೇ ಗುರುವಿಗೆ, ಒಂದೇ ನಾಮಕ್ಕೆ ಕಣ್ಣು ಮುಚ್ಚಿ ಜೋತುಬೀಳುವುದನ್ನು ಚೇಡಿಸಿದ್ದು ಎಂದು ಲೆನನ್ ಮುಂದೆ ವಿವರಿಸಿದ. ಹಾಗೆ ಬರೆದವನೇ 1968ರ ಫೆಬ್ರುವರಿಯಲ್ಲಿ ಋಷಿಕೇಶಕ್ಕೆ ಬಂದು ಮಹರ್ಷಿ ಮಹೇಶ್ ಯೋಗಿಯ ಆಶ್ರಮದಲ್ಲಿ ಧ್ಯಾನಕ್ಕೆ ಕೂತ ಎಂಬುದೂ ನಿಜ.

ಆರಂಭದಲ್ಲೇ ಅವನು ನಾನು, ನೀನು, ಅವನು ಎಂಬ ಬೇಲಿಗಳನ್ನೆಲ್ಲ ಕಲಸಿಬಿಡುತ್ತಾನೆ. ನಡುನಡುವೆ ಅಳು ಬರುತ್ತದೆ. ಕೊನೆಯಲ್ಲಿ ವಾದ್ಯಗಳಲ್ಲಿ ಒಂದು ಕಡೆ ಸ್ವರ ಏರುತ್ತಲೇ ಹೋಗುತ್ತದೆ, ಇನ್ನೊಂದು ಕಡೆ ಇಳಿಯುತ್ತಲೇ ಹೋಗುತ್ತದೆ. ನಮಗೆ ಕೇಳಿಸುವುದು ಇಷ್ಟು: ದೊಡ್ಡ ಕುರ್ಚಿಯಲ್ಲಿ ಕೂತು "ಇದಕ್ಕೆ ಇದೇ ಅರ್ಥ" ಎನ್ನುವ ಎಲ್ಲರ ಮೇಲೂ ಸಿಟ್ಟಿರುವ, ನಗುತ್ತಲೇ ಅಳುತ್ತಿರುವ ಒಬ್ಬ ಮನುಷ್ಯನ ಹಾಡು ಇದು. ಆ ಅಳು ಎಪ್‌ಸ್ಟೈನ್ ಸಾವಿನದು ಎಂದು ಹೇಳಿಬಿಡುವ ಆಸೆ ಆಗುತ್ತದೆ. ಹಾಡಿನೊಳಗೆ ಅದಕ್ಕೆ ಆಧಾರ ಇಲ್ಲ. ಆದ್ದರಿಂದ ಅಲ್ಲಿಗೆ ನಿಲ್ಲಿಸುತ್ತೇವೆ.

ಹೀಗೆ ನಿಲ್ಲಿಸುವುದೇ ಹೊಣೆ. ನಮ್ಮ ಓದನ್ನು ನೀವು ಒಪ್ಪಬೇಕಿಲ್ಲ. ಹಾಡು ಹಚ್ಚಿ ಕೇಳಿ "ಇಲ್ಲಿ ತಪ್ಪಿದ್ದೀರಿ" ಎಂದು ತೋರಿಸಬಹುದು. ತಪ್ಪು ತೋರಿಸಲು ಜಾಗ ಇರುವ ಅರ್ಥವೇ ಒಳ್ಳೆಯ ಅರ್ಥ. ಪಾಲ್ ಸತ್ತ ಎಂದವರು ಆ ಜಾಗ ಇಟ್ಟಿರಲಿಲ್ಲ. ಇಲ್ಲ ಎನ್ನುವ ಪುರಾವೆ ಕೊಟ್ಟರೆ "ನೋಡಿದ್ರಾ, ಹೇಗೆ ಮುಚ್ಚಿಡ್ತಿದ್ದಾರೆ" ಎನ್ನುತ್ತಿದ್ದರು.

ಹಾಡಿನಾಚೆ

ಲಾಸ್ ಏಂಜಲೀಸ್ ದೂರ, 1969 ಹಳೆಯದು ಎನಿಸಬಹುದು. ಹತ್ತಿರದ್ದನ್ನೇ ಹೇಳುತ್ತೇವೆ. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ಒಂದು ದೇಶದ ತುಂಬ ವಾಟ್ಸ್ಆ್ಯಪ್‌ನಲ್ಲಿ ಓಡಾಡಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ನಟಿಸಿ ಮಾಡಿದ ಕಿರುಚಿತ್ರ. ಕೊನೆಗೆ ಅವರು ಮಗುವನ್ನು ಮರಳಿ ತಂದು ಬಿಟ್ಟು ಜಾಗೃತಿಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹರಿಬಿಟ್ಟರು. ಆಯ್ಕೆ ಹೋಯಿತು, ಸಂದರ್ಭ ಹೋಯಿತು, ಭಯ ಮಾತ್ರ ಉಳಿಯಿತು. ಇಂಥ ಸುದ್ದಿಗಳು ಹಬ್ಬಿದ್ದ ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್‌ನನ್ನು ಗುಂಪು ಹೊಡೆದು ಕೊಂದಿತು. ಅವನ ಜೊತೆಯವರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಚಾಕೊಲೇಟಿಗೆ ಜನ ಬೇರೆ ಅರ್ಥ ಹಚ್ಚಿದರು.

ಹಾಡಿಗೆ ತಪ್ಪು ಅರ್ಥ ಹಚ್ಚುವುದಕ್ಕೂ ಮನುಷ್ಯನಿಗೆ ತಪ್ಪು ಅರ್ಥ ಹಚ್ಚುವುದಕ್ಕೂ ನಡುವೆ ಗೋಡೆ ಇಲ್ಲ. ಒಂದೇ ಚಟ ಅದು. ಎಲ್ಲದರ ಒಳಗೂ ಏನೋ ಅಡಗಿಸಿಟ್ಟಿದ್ದಾರೆ, ಅದು ನನಗೊಬ್ಬನಿಗೇ ಕಂಡಿತು ಎಂಬ ಹೆಮ್ಮೆ.

ವರದಿಗಾರರಾದ ನಮ್ಮ ದಿನದ ಕೆಲಸವೂ ಯಾರು ಹೇಳಿದರು, ಎಲ್ಲಿ, ಯಾವಾಗ ಎಂದು ಕೇಳುವುದೇ. ಅದಕ್ಕೆ ಡಿಪ್ಲೊಮಾ ಬೇಕಿಲ್ಲ, ಇಂಗ್ಲಿಷೂ ಬೇಕಿಲ್ಲ. ಶಾಲೆಯ ಮೇಷ್ಟ್ರುಗಳಿಗೆ ನಮ್ಮ ಒಂದು ಬೇಡಿಕೆ: ಪದ್ಯಕ್ಕೆ ಗೈಡಿನಲ್ಲಿಲ್ಲದ ಅರ್ಥವನ್ನು ಮಕ್ಕಳು ಹೇಳಿದರೆ ತಪ್ಪು ಎನ್ನುವ ಮೊದಲು "ಪದ್ಯದಲ್ಲಿ ಎಲ್ಲಿದೆ, ತೋರಿಸು" ಎಂದು ಕೇಳಿ. ತೋರಿಸಿದರೆ ಅಂಕ ಕೊಡಿ. ಹಾಗೆ ಕೇಳಿಸಿಕೊಂಡು ಬೆಳೆದ ಮಗು ಮುಂದೆ ಫೋನಿಗೆ ಬಂದ ವಿಡಿಯೊವನ್ನೂ ಅದೇ ಪ್ರಶ್ನೆ ಕೇಳುತ್ತದೆ.

ಫೋನ್ ಕೈಯಲ್ಲಿರುವ ನೀವು ಇವತ್ತು ರಾತ್ರಿ ಆ ವಾಲ್ರಸ್ ಹಾಡನ್ನು ಒಮ್ಮೆ ಕೇಳಿ. ಅರ್ಥವಾಗಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ. ಏನು ಕೇಳಿಸಿತು ಎಂದು ಪಕ್ಕದಲ್ಲಿ ಕೂತವರಿಗೆ ಹೇಳಿ. ಅವರಿಗೆ ಬೇರೆ ಏನೋ ಕೇಳಿಸಿದ್ದರೆ ಇನ್ನೊಮ್ಮೆ ಹಚ್ಚಿ ಇಬ್ಬರೂ ಕೇಳಿ.